ಸಂದೇಶ ಎಲ್ಲಿಂದ ಬಂತು

ಮೂಗಿನಿಂದ ಒಳಹೋದ ಗಾಳಿ ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಮುಟ್ಟುವ ಹೊತ್ತಿಗೆ ಅದರ ದಾರಿ ಸುಮಾರು 23 ಸಲ ಕವಲೊಡೆದಿರುತ್ತದೆ. ಮೇಲೆ ಹೆಬ್ಬೆರಳು ದಪ್ಪದ ಒಂದೇ ಕೊಳವೆ. ಕೆಳಗಿಳಿದಂತೆ ಒಂದು ಮಿಲಿಮೀಟರಿಗಿಂತಲೂ ಕಿರಿದಾದ ಸಾವಿರಾರು ನಾಳಗಳು. ಈ ನಾಳಗಳ ಗೋಡೆಯಲ್ಲಿ, ಲೋಳೆಯ ಒಳಪದರದ ಕೆಳಗೆ, ಪಟ್ಟಿಪಟ್ಟಿಯಾಗಿ ಸುತ್ತಿಕೊಂಡ ಸ್ನಾಯುವೊಂದಿದೆ. ತೋಳು ಕಾಲುಗಳ ಸ್ನಾಯುವಿನಲ್ಲಿ ಕಾಣುವ ಅಡ್ಡಗೆರೆಗಳು ಇದರಲ್ಲಿಲ್ಲ. ಹಾಗಾಗಿ ಇದು ನಯಸ್ನಾಯು. ನಮ್ಮ ಇಚ್ಛೆಗೆ ಇದು ಬಗ್ಗುವುದಿಲ್ಲ. ಆರೋಗ್ಯವಂತರಿಗೆ ಅಂಥದ್ದೊಂದು ತಮ್ಮೊಳಗಿದೆ ಎಂಬ ಅರಿವೂ ಇರುವುದಿಲ್ಲ. ಅಸ್ತಮಾ ಇರುವವರಿಗೆ ಅದರ ಇರವು ಚೆನ್ನಾಗಿ ಗೊತ್ತು: ಹೊಗೆ, ದೂಳು, ತಣ್ಣನೆಯ ಗಾಳಿ, ಹೂವಿನ ಪರಾಗ, ಯಾವುದೋ ಒಂದು ತಾಕಿದರೆ ಸಾಕು, ಸ್ನಾಯು ಬಿಗಿದುಕೊಳ್ಳುತ್ತದೆ. ನಾಳ ಸ್ವಲ್ಪ ಕುಗ್ಗಿದರೂ ಪೆಟ್ಟು ದೊಡ್ಡದು. ಗಾಳಿ ಸುಳಿಯಿಲ್ಲದೆ ಹರಿಯುವ ಸಣ್ಣ ನಾಳದಲ್ಲಿ ತ್ರಿಜ್ಯ ಅರ್ಧಕ್ಕೆ ಇಳಿದರೆ ಹರಿವಿಗೆ ಎದುರಾಗುವ ತಡೆ 16 ಪಟ್ಟಾಗುತ್ತದೆ. ಜಾಗತಿಕ ರೋಗಭಾರ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಜನ ಅಸ್ತಮಾದೊಂದಿಗೆ ಬದುಕುತ್ತಿದ್ದಾರೆ. ಅವರ ಒಂದೊಂದು ಉಸಿರೂ ಈ ತೆಳ್ಳನೆಯ ಸ್ನಾಯು ಏನನ್ನು ಕೇಳಿಸಿಕೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ.

ಕೇಳಿಸಿಕೊಳ್ಳುವ ಕೆಲಸ ನಡೆಯುವುದು ಜೀವಕೋಶದ ಹೊರಪೊರೆಯಲ್ಲಿ. ಈ ಅಧ್ಯಾಯ ಆ ಪೊರೆಯ ಕುರಿತದ್ದು. ಅದರಲ್ಲಿ ಸಂದೇಶ ಹಿಡಿಯುವ ಯಾವ ಗ್ರಾಹಕಗಳಿವೆ, ಎಷ್ಟಿವೆ ಎಂಬುದು ವೈದ್ಯವಿಜ್ಞಾನಕ್ಕೆ ಬಹುಕಾಲದಿಂದ ಗೊತ್ತು. ಪೊರೆಯ ಯಾವ ಜಾಗದಲ್ಲಿ, ಯಾರ ಪಕ್ಕದಲ್ಲಿ ಅವು ಕೂತಿವೆ ಎಂಬ ಪ್ರಶ್ನೆ ತಡವಾಗಿ ಬಂತು. ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಈ ತಡವಾಗಿ ಬಂದ ಪ್ರಶ್ನೆಯಲ್ಲೇ ಇದೆ.

ಮೊದಲು ಬಿಗಿಯುವ ಬಗೆಯನ್ನು ನೋಡೋಣ. ಮಿದುಳಿನಿಂದ ಎದೆಗಿಳಿಯುವ ವೇಗಸ್ ನರದ ಕವಲುಗಳು ಶ್ವಾಸನಾಳದ ಸ್ನಾಯುವಿನ ಬಳಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಸ್ನಾಯುಕೋಶದ ಪೊರೆಯಲ್ಲಿರುವ ಎಂ-3 ಗ್ರಾಹಕ ಅದನ್ನು ಹಿಡಿದುಕೊಳ್ಳುತ್ತದೆ. ಗ್ರಾಹಕದ ಒಳಬದಿಗೆ ಅಂಟಿಕೊಂಡ ಜಿ-ಪ್ರೋಟೀನ್ ಎಚ್ಚರಗೊಂಡು ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವದಿಂದ ಹುಟ್ಟಿದ ಐಪಿ-3 ಎಂಬ ಪುಟ್ಟ ಅಣು ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದ ಬಾಗಿಲು ತೆರೆಯುತ್ತದೆ. ಹೊರನುಗ್ಗಿದ ಕ್ಯಾಲ್ಸಿಯಂ ಕೊನೆಗೆ ಮಯೋಸಿನ್ ಎಂಬ ಪ್ರೋಟೀನಿಗೆ ಎಳೆಯುವ ಶಕ್ತಿ ಕೊಡುತ್ತದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೈಕೆಲ್ ಸ್ಯಾಂಡರ್ಸನ್ ಮತ್ತು ಸಂಗಡಿಗರು ಇಲಿಯ ಶ್ವಾಸಕೋಶದ ತೆಳು ಬಿಲ್ಲೆಗಳನ್ನು ಜೀವಂತವಾಗಿಟ್ಟು ನೋಡಿದಾಗ ಕ್ಯಾಲ್ಸಿಯಂ ಒಮ್ಮೆ ಏರಿ ಅಲ್ಲೇ ನಿಲ್ಲುವುದಿಲ್ಲ, ಏರಿಳಿದು ಮಿಡಿಯುತ್ತಿರುತ್ತದೆ ಎಂದು ಕಂಡಿತು. ಮಿಡಿತ ಎಷ್ಟು ಬೇಗಬೇಗನೋ ನಾಳ ಅಷ್ಟು ಬಿಗಿ.

ಈ ಹಾದಿಯನ್ನು ಮನುಷ್ಯ ಅದರ ಹೆಸರು ತಿಳಿಯುವ ಬಹು ಮೊದಲೇ ತಡೆಯಲು ಕಲಿತಿದ್ದ. ದತ್ತೂರಿಯ ಹೊಗೆಯನ್ನು ಉಬ್ಬಸಕ್ಕೆ ಸೇದುವ ರೂಢಿ ನಮ್ಮ ದೇಶದಲ್ಲಿತ್ತು. 1802ರಲ್ಲಿ ಮದ್ರಾಸಿನಲ್ಲಿದ್ದ ಜನರಲ್ ಜೆಂಟ್ ಎಂಬಾತ ಅದನ್ನು ಬ್ರಿಟನ್ನಿಗೆ ಒಯ್ದ. ಆಮೇಲೆ ಯುರೋಪಿನಲ್ಲೆಲ್ಲ ಅಸ್ತಮಾ ಸಿಗರೇಟುಗಳು ಮಾರಾಟಕ್ಕೆ ಬಂದವು. ದತ್ತೂರಿಯಲ್ಲಿರುವ ಅಟ್ರೋಪಿನ್‌ನಂಥ ವಸ್ತುಗಳು ಎಂ-3 ಗ್ರಾಹಕದಲ್ಲಿ ತಾವೇ ಕೂತು ಅಸಿಟೈಲ್‌ಕೋಲಿನ್ನಿಗೆ ಜಾಗ ಕೊಡುವುದಿಲ್ಲ. ಗಿಡ ಮಾತ್ರ ಪ್ರಾಣಾಪಾಯಕರ ವಿಷ. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಇಂದು ಅದೇ ಕೆಲಸವನ್ನು ಇಪ್ರಟ್ರೋಪಿಯಂ, ಟಿಯೋಟ್ರೋಪಿಯಂ ಎಂಬ ಔಷಧಗಳು ಸುರಕ್ಷಿತವಾಗಿ ಮಾಡುತ್ತವೆ.

ಸಡಿಲಿಸುವ ಹಾದಿ ಬೇರೆ. ಅಸ್ತಮಾ ಕೆರಳಿದಾಗ ಕೈ ಹೋಗುವುದು ನಮ್ಮಲ್ಲಿ ಬಹಳ ಜನ ಪಂಪು ಎಂದು ಕರೆಯುವ ಇನ್ಹೇಲರಿಗೆ. ಅದರಲ್ಲಿರುವುದು ಹೆಚ್ಚಾಗಿ ಸಾಲ್ಬುಟಮಾಲ್. ಇಂಗ್ಲೆಂಡಿನ ವೇರ್ ಎಂಬ ಊರಿನಲ್ಲಿ ಡೇವಿಡ್ ಜ್ಯಾಕ್ ಅವರ ತಂಡ ಕಂಡುಹಿಡಿದ ಈ ಔಷಧ 1969ರಲ್ಲಿ ಬಳಕೆಗೆ ಬಂತು. ಇದು ಸ್ನಾಯುಕೋಶದ ಬೀಟಾ-2 ಗ್ರಾಹಕವನ್ನು ಹಿಡಿಯುತ್ತದೆ. ಅಲ್ಲಿ ಇನ್ನೊಂದು ಬಗೆಯ ಜಿ-ಪ್ರೋಟೀನ್ ಕಾಯುತ್ತಿರುತ್ತದೆ. ಅದು ಅಡೆನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ತಯಾರಿಸುತ್ತದೆ, ಅದು ಪ್ರೋಟೀನ್ ಕೈನೇಸ್-ಎ ಎಂಬ ಇನ್ನೊಂದು ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತದೆ. ಕ್ಯಾಲ್ಸಿಯಂ ಮಿಡಿತ ನಿಧಾನವಾಗುತ್ತದೆ, ಸ್ನಾಯು ಸಡಿಲಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಉಸಿರು ತಿರುಗುತ್ತದೆ. ಸೈಕ್ಲಿಕ್ ಎಎಂಪಿಯನ್ನು ಕಂಡುಹಿಡಿದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು. ಜಿ-ಪ್ರೋಟೀನ್‌ಗಳಿಗಾಗಿ ಆಲ್ಫ್ರೆಡ್ ಗಿಲ್ಮನ್, ಮಾರ್ಟಿನ್ ರಾಡ್‌ಬೆಲ್ ಅವರಿಗೆ 1994ರಲ್ಲಿ, ಗ್ರಾಹಕಗಳ ಅಧ್ಯಯನಕ್ಕಾಗಿ ರಾಬರ್ಟ್ ಲೆಫ್ಕೊವಿಟ್ಜ್, ಬ್ರಯನ್ ಕೊಬಿಲ್ಕಾ ಅವರಿಗೆ 2012ರಲ್ಲಿ ಬಂತು.

ಪಠ್ಯಪುಸ್ತಕದ ಚಿತ್ರ ಇಲ್ಲಿಗೆ ಮುಗಿಯುತ್ತದೆ. ಅದರಲ್ಲಿ ಒಂದು ದೊಡ್ಡ ತೊಡಕಿದೆ. ಸೈಕ್ಲಿಕ್ ಎಎಂಪಿ ನೀರಿನಲ್ಲಿ ಕರಗುವ ಚಿಕ್ಕ ಅಣು. ಕೋಶದೊಳಗೆ ಎಲ್ಲಿ ಬೇಕಾದರೂ ಹರಡಬಲ್ಲದು. ಒಂದೇ ಕೋಶದಲ್ಲಿ ಹತ್ತಾರು ಬಗೆಯ ಗ್ರಾಹಕಗಳು ಇದೇ ಅಣುವನ್ನು ಹುಟ್ಟಿಸುತ್ತವೆ. ಹಾಗಿದ್ದರೆ ಅವೆಲ್ಲವುಗಳ ಪರಿಣಾಮ ಒಂದೇ ಆಗಿರಬೇಕಲ್ಲವೇ? 1979ರಲ್ಲಿ ಲಾರೆನ್ಸ್ ಬ್ರಂಟನ್, ಸ್ಟೀವನ್ ಮೇಯರ್ ಮತ್ತು ಸಂಗಡಿಗರು ಮೊಲದ ಹೃದಯದಲ್ಲಿ ಇದನ್ನು ಪರೀಕ್ಷಿಸಿ ಬರೆದರು. ಬೀಟಾ ಗ್ರಾಹಕಗಳನ್ನು ಕೆರಳಿಸುವ ಐಸೊಪ್ರೊಟೆರಿನಾಲ್ ಕೊಟ್ಟರೆ ಸೈಕ್ಲಿಕ್ ಎಎಂಪಿ ಏರಿತು, ಹೃದಯದ ಬಡಿತಕ್ಕೆ ಬಲ ಬಂತು. ಬೇರೊಂದು ಗ್ರಾಹಕವನ್ನು ಹಿಡಿಯುವ ಪ್ರೋಸ್ಟಗ್ಲಾಂಡಿನ್ ಇ-1 ಕೊಟ್ಟರೂ ಸೈಕ್ಲಿಕ್ ಎಎಂಪಿ ಏರಿತು. ಬಡಿತ ಇದ್ದಂತೆಯೇ ಇತ್ತು. ಅಣು ಅದೇ, ಏರಿಕೆ ಅದೇ, ಫಲ ಬೇರೆ. ಕೋಶಕ್ಕೆ ಸಂದೇಶದ ಪ್ರಮಾಣವಷ್ಟೇ ತಿಳಿದರೆ ಸಾಲದು, ಅದು ಹೊರಟ ಜಾಗವೂ ತಿಳಿಯಬೇಕು ಎಂಬ ಸುಳಿವು ಅಲ್ಲಿ ಸಿಕ್ಕಿತು. ನಂಬುವುದಕ್ಕೆ ಮಾತ್ರ ಹಲವರಿಗೆ ವರ್ಷಗಳೇ ಹಿಡಿದವು.

ಕಾರಣ, ಪೊರೆಯ ಬಗ್ಗೆ ಆಗ ಇದ್ದ ಚಿತ್ರ ಇದಕ್ಕೆ ಒಪ್ಪುತ್ತಿರಲಿಲ್ಲ. ಕೋಶಪೊರೆ ಎಂದರೆ ಕೊಬ್ಬಿನ ಅಣುಗಳ ಎರಡು ಪದರ, ದಪ್ಪ ಸುಮಾರು 5 ನ್ಯಾನೊಮೀಟರ್. ಎರಡು ಪದರ ಎಂಬುದನ್ನು 1925ರಲ್ಲೇ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಲೆಕ್ಕ ಹಾಕಿದ್ದರು. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನು ಮನುಷ್ಯನ ಕೋಶದೊಂದಿಗೆ ಬೆಸೆದು, ಎರಡರ ಪೊರೆಯ ಪ್ರೋಟೀನುಗಳಿಗೂ ಬೇರೆ ಬೇರೆ ಬಣ್ಣ ಹಚ್ಚಿ ಕಾದರು. ದೇಹದ ಬಿಸಿಯಲ್ಲಿ 40 ನಿಮಿಷ ಕಳೆಯುವಷ್ಟರಲ್ಲಿ ಎರಡೂ ಬಣ್ಣ ಬೆರೆತುಹೋದವು. ಪೊರೆ ದ್ರವ, ಪ್ರೋಟೀನುಗಳು ಅದರಲ್ಲಿ ತೇಲಾಡುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಇದನ್ನು ಒಂದು ಮಾದರಿಯಾಗಿ ಮಂಡಿಸಿದರು. ಇಂದಿಗೂ ಕಾಲೇಜಿನ ಪುಸ್ತಕಗಳಲ್ಲಿರುವುದು ಅದೇ. ಅದು ತಪ್ಪಲ್ಲ. ಆದರೆ ಎಲ್ಲವೂ ಎಲ್ಲೆಡೆ ತೇಲುವುದಾದರೆ ಯಾವ ಗ್ರಾಹಕಕ್ಕೂ ಖಾಯಂ ನೆರೆಹೊರೆ ಇರುವುದಿಲ್ಲ, ಮೊಲದ ಹೃದಯದ ಒಗಟು ಬಿಡಿಸಲಾಗದೆ ಉಳಿಯುತ್ತದೆ.

ಸೋಜಿಗದ ಸಂಗತಿ ಎಂದರೆ ಪೊರೆ ಎಲ್ಲೆಡೆ ಒಂದೇ ರೀತಿಯಲ್ಲಿಲ್ಲ ಎಂಬುದಕ್ಕೆ ಸಾಕ್ಷಿ ಅದಕ್ಕಿಂತ ಮೊದಲೇ ಫೋಟೋದಲ್ಲಿ ಸಿಕ್ಕಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಜೀವಶಾಸ್ತ್ರಕ್ಕೆ ಬಂದ ಹೊಸದರಲ್ಲಿ, 1953ರಲ್ಲಿ, ಜಾರ್ಜ್ ಪಲಾಡೆ ರಕ್ತನಾಳದ ಒಳಗೋಡೆಯ ಕೋಶಗಳ ಅಂಚಿನಲ್ಲಿ ಪುಟ್ಟ ಪುಟ್ಟ ಗುಳಿಗಳನ್ನು ಗುರುತಿಸಿದರು. 1955ರಲ್ಲಿ ಜಪಾನಿನ ವಿಜ್ಞಾನಿ ಯಮಾಡ ಪಿತ್ತಕೋಶದ ಕೋಶಗಳಲ್ಲಿ ಅವನ್ನು ಕಂಡು ಕೇವಿಯೋಲ ಎಂದು ಕರೆದರು. ಅಡ್ಡಳತೆ 50ರಿಂದ 100 ನ್ಯಾನೊಮೀಟರ್. ಕುತ್ತಿಗೆ ಕಿರಿದು, ಹೊಟ್ಟೆ ಉಬ್ಬು. ನಯಸ್ನಾಯುವಿನ ಕೋಶದಲ್ಲಿ ಇವು ವಿಪರೀತ. ಅಲ್ಲಿ ಅವು ಎಲ್ಲೆಂದರಲ್ಲಿ ಚೆಲ್ಲಿಕೊಂಡಿಲ್ಲ. ಕೋಶದ ಉದ್ದಕ್ಕೆ ಸಾಲುಗಟ್ಟಿ ನಿಂತಿವೆ. ಎರಡು ಸಾಲುಗಳ ನಡುವೆ ಸ್ನಾಯುವಿನ ಎಳೆಗಳು ಪೊರೆಗೆ ಬಿಗಿದುಕೊಳ್ಳುವ ಗಟ್ಟಿ ಪಟ್ಟಿಗಳಿವೆ. ಎಳೆಯುವ ಕೆಲಸಕ್ಕೆ ಒಂದು ಪಟ್ಟಿ, ಸಂದೇಶದ ಕೆಲಸಕ್ಕೆ ಒಂದು ಪಟ್ಟಿ, ಮತ್ತೆ ಎಳೆಯುವ ಪಟ್ಟಿ. ಇನ್ನೂ ಮುಖ್ಯವಾದದ್ದು, ಈ ಗುಳಿಗಳ ಬೆನ್ನಿಗೇ ಹತ್ತಾರು ನ್ಯಾನೊಮೀಟರ್ ಅಂತರದಲ್ಲಿ ಕ್ಯಾಲ್ಸಿಯಂ ಉಗ್ರಾಣದ ಗೋಡೆ ಚಾಚಿಕೊಂಡಿರುತ್ತದೆ.

ಗುಳಿಗೆ ಆಕಾರ ಕೊಡುವ ಪ್ರೋಟೀನ್ ಕೇವಿಯೋಲಿನ್. ಅದು ಗುಳಿಯ ಹೊದಿಕೆ ಎಂದು 1992ರಲ್ಲಿ ತಿಳಿಯಿತು. 2008ರಲ್ಲಿ ಕೇವಿನ್ ಎಂಬ ಜೊತೆಗಾರ ಪ್ರೋಟೀನಿನ ಪಾತ್ರವೂ ಹೊರಬಿತ್ತು. ಗುಳಿಯ ಸುತ್ತಲಿನ ಕೊಬ್ಬೂ ಬೇರೆ ಬಗೆಯದು: ಕೊಲೆಸ್ಟರಾಲ್ ಮತ್ತು ಸ್ಫಿಂಗೊಲಿಪಿಡ್‌ಗಳು ಅಲ್ಲಿ ದಟ್ಟ. 1997ರಲ್ಲಿ ಕೈ ಸೈಮನ್ಸ್ ಮತ್ತು ಎಲಿನಾ ಇಕೊನೆನ್ ಇಂಥ ದಟ್ಟ ತುಣುಕುಗಳು ಗುಳಿಗಳಲ್ಲಷ್ಟೇ ಅಲ್ಲದೆ ಪೊರೆಯ ಸಮತಟ್ಟಾದ ಭಾಗಗಳಲ್ಲೂ ಇವೆ, ಆಯ್ದ ಪ್ರೋಟೀನುಗಳನ್ನು ಒಟ್ಟಿಗೆ ಹಿಡಿದುಕೊಂಡು ಸಾಗುತ್ತವೆ ಎಂದು ಪ್ರತಿಪಾದಿಸಿದರು. ಇವಕ್ಕೆ ಲಿಪಿಡ್ ತೆಪ್ಪಗಳು ಎಂದು ಹೆಸರಾಯಿತು. ಕೊಲೆಸ್ಟರಾಲ್ ಎಂದೊಡನೆ ನಮಗೆ ಹೃದಯಾಘಾತ ನೆನಪಾಗುತ್ತದೆ. ಪೊರೆಯಲ್ಲಿ ಅದು ಬೇಕೇ ಬೇಕಾದ ಸಾಮಗ್ರಿ. ಅದಿಲ್ಲದೆ ಗುಳಿಯೂ ನಿಲ್ಲದು.

ಗುಳಿಗಳು ಇವೆ ಸರಿ, ಅವು ಶ್ವಾಸನಾಳದಲ್ಲಿ ಏನಾದರೂ ಮಾಡುತ್ತವೆಯೇ? ಇದಕ್ಕೆ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಉತ್ತರ 2007ರದು. ರೈನೌಡ್ ಗೋಸೆನ್ಸ್, ಕೆನಡಾದ ಮನಿಟೋಬ ವಿಶ್ವವಿದ್ಯಾಲಯದ ಆಂಡ್ರೂ ಹಲಾಯ್ಕೊ ಮತ್ತು ಸಂಗಡಿಗರು ನಾಯಿಯ ಶ್ವಾಸನಾಳದಿಂದ ಸ್ನಾಯುವಿನ ಪಟ್ಟಿಗಳನ್ನು ತೆಗೆದುಕೊಂಡರು. ಸೈಕ್ಲೊಡೆಕ್ಸ್‌ಟ್ರಿನ್ ಎಂಬ, ಪೊರೆಯಿಂದ ಕೊಲೆಸ್ಟರಾಲನ್ನು ಹೊರಗೆಳೆಯುವ ಸಕ್ಕರೆ ಉಂಗುರದ ಅಣುವಿನಲ್ಲಿ ಅವನ್ನು ನೆನೆಸಿದರು. ಗುಳಿಗಳ ವ್ಯವಸ್ಥೆ ಕದಡಿತು. ಆಮೇಲೆ ಅಸಿಟೈಲ್‌ಕೋಲಿನ್ ಕೊಟ್ಟು ಸ್ನಾಯು ಎಷ್ಟು ಬಲವಾಗಿ ಎಳೆಯುತ್ತದೆ ಎಂದು ಅಳೆದರು. ಬೇಕಾದಷ್ಟು ಅಸಿಟೈಲ್‌ಕೋಲಿನ್ ಸುರಿದಾಗ ಸ್ನಾಯು ಮೊದಲಿನಷ್ಟೇ ಬಲವಾಗಿ ಎಳೆಯಿತು. ಕಡಿಮೆ ಕೊಟ್ಟಾಗ ಮಾತ್ರ ಮಂಕಾಯಿತು. ಅಂದರೆ ಬಲ ಕುಂದಿರಲಿಲ್ಲ, ಸೂಕ್ಷ್ಮತೆ ಕುಂದಿತ್ತು. ಗ್ರಾಹಕಗಳೇ ಉದುರಿಹೋದವೋ ಎಂದು ಎಣಿಸಿ ನೋಡಿದರು. ಎಂ-3 ಗ್ರಾಹಕಗಳ ಸಂಖ್ಯೆ ಬದಲಾಗಿರಲಿಲ್ಲ, ಅವುಗಳ ಹಿಡಿತವೂ ಬದಲಾಗಿರಲಿಲ್ಲ. ಬದಲಾಗಿದ್ದು ನೆರೆಹೊರೆ: ಎಂ-3 ಗ್ರಾಹಕಗಳಿಗೂ ಕೇವಿಯೋಲಿನ್‌ಗೂ ಇದ್ದ ಒಡನಾಟ ತಪ್ಪಿತ್ತು. ಕೊಲೆಸ್ಟರಾಲನ್ನು ಮುಟ್ಟದೆ, ಕೋಶದಲ್ಲಿ ಕೇವಿಯೋಲಿನ್-1 ತಯಾರಾಗುವುದನ್ನಷ್ಟೇ ತಡೆದಾಗಲೂ ಕ್ಯಾಲ್ಸಿಯಂನಲ್ಲಿ ಇದೇ ಫಲ ಸಿಕ್ಕಿತು.

ಈ ಫಲ ನನಗೆ ಮುಖ್ಯವೆನಿಸುವುದಕ್ಕೆ ಕಾರಣವಿದೆ. ನಿಜವಾದ ಶ್ವಾಸನಾಳದಲ್ಲಿ ನರ ಬಿಡುವ ಅಸಿಟೈಲ್‌ಕೋಲಿನ್ ಪ್ರಯೋಗಶಾಲೆಯಲ್ಲಿ ಸುರಿಯುವಷ್ಟಿರುವುದಿಲ್ಲ. ದಿನನಿತ್ಯದ ಉಸಿರಾಟ ನಡೆಯುವುದು ಆ ಕಡಿಮೆ ಪ್ರಮಾಣದಲ್ಲೇ. ಅಸ್ತಮಾದ ಲಕ್ಷಣವೂ ಅದೇ ತಾನೇ: ಬೇರೆಯವರ ಸ್ನಾಯು ಲಕ್ಷಿಸದ ಚಿಕ್ಕ ಪ್ರಚೋದನೆಗೆ ಇವರ ಸ್ನಾಯು ಬಿಗಿಯುತ್ತದೆ. ಪೊರೆಯ ಜೋಡಣೆ ಪಾತ್ರ ವಹಿಸುವುದು ರೋಗ ತನ್ನ ಆಟ ತೋರಿಸುವ ಅದೇ ವಲಯದಲ್ಲಿ.

ಎಚ್ಚರಿಕೆಯ ಮಾತೊಂದನ್ನು ಇಲ್ಲೇ ಹೇಳಬೇಕು. ಸೈಕ್ಲೊಡೆಕ್ಸ್‌ಟ್ರಿನ್ ಒರಟು ಸಾಧನ. ಅದು ಗುಳಿಗಳಲ್ಲಿರುವ ಕೊಲೆಸ್ಟರಾಲನ್ನಷ್ಟೇ ಆರಿಸಿ ತೆಗೆಯುವುದಿಲ್ಲ, ಇಡೀ ಪೊರೆಯಿಂದ ತೆಗೆಯುತ್ತದೆ. ತೆಪ್ಪಗಳ ಬಗೆಗಿನ ಹಳೆಯ ಪ್ರಯೋಗಗಳಿಗೂ ಇಂಥದೇ ಕುಂದು ಇತ್ತು. ಪೊರೆಯನ್ನು ಸೋಪಿನಂಥ ಮಾರ್ಜಕದಲ್ಲಿ ಕಲಸಿ, ಸಕ್ಕರೆ ದ್ರಾವಣದಲ್ಲಿ ರಭಸವಾಗಿ ತಿರುಗಿಸಿ, ಮೇಲೆ ತೇಲಿದ ಭಾಗವನ್ನು ತೆಪ್ಪ ಎಂದು ಕರೆಯುತ್ತಿದ್ದರು. ತೇಲಿದ್ದು ಜೀವಂತ ಕೋಶದಲ್ಲೂ ಹಾಗೆಯೇ ಇತ್ತೋ ಅಥವಾ ಮಾರ್ಜಕವೇ ಅದನ್ನು ಒಟ್ಟುಮಾಡಿತೋ? ಸಾಮಾನ್ಯ ಸೂಕ್ಷ್ಮದರ್ಶಕದಿಂದ ನೋಡಿ ತೀರ್ಮಾನಿಸುವಂತಿಲ್ಲ. ಬೆಳಕಿನಲ್ಲಿ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಬಿಂದುಗಳು ಒಂದಾಗಿಯೇ ಕಾಣುತ್ತವೆ. ತೆಪ್ಪ ಅದಕ್ಕಿಂತ ಚಿಕ್ಕದು.

ಈ ಬಿಕ್ಕಟ್ಟಿನಲ್ಲಿ ಒಂದು ದಾರಿ ತೆರೆದದ್ದು ಬೆಂಗಳೂರಿನಲ್ಲಿ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ, ಎಂದರೆ ಎನ್‌ಸಿಬಿಎಸ್‌ನ, ಸತ್ಯಜಿತ್ ಮೇಯರ್ ಮತ್ತು ರಜತ್ ವರ್ಮಾ 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಅದು. ಹೊಳೆಯುವ ಎರಡು ಅಣುಗಳು ಕೆಲವೇ ನ್ಯಾನೊಮೀಟರ್ ಹತ್ತಿರ ಬಂದರೆ ಒಂದರ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ, ಹೊರಬರುವ ಬೆಳಕಿನ ಧ್ರುವೀಕರಣ ಬದಲಾಗುತ್ತದೆ. ಅಣುಗಳು ಬೇರೆ ಬೇರೆಯಾಗಿ ಕಾಣದಿದ್ದರೂ ಅವು ಪಕ್ಕಪಕ್ಕದಲ್ಲಿವೆಯೇ ಎಂದು ಬೆಳಕನ್ನು ಕೇಳಿ ತಿಳಿಯಬಹುದು. ಮಾರ್ಜಕ ಬೇಡ, ಕೋಶವನ್ನು ಕೊಲ್ಲುವುದೂ ಬೇಡ. ಪೊರೆಯ ಹೊರಮೈಗೆ ಕೊಬ್ಬಿನ ಬಾಲದಿಂದ ಅಂಟಿಕೊಂಡ ಒಂದು ವರ್ಗದ ಪ್ರೋಟೀನುಗಳು 70 ನ್ಯಾನೊಮೀಟರಿಗಿಂತ ಚಿಕ್ಕ ತಾಣಗಳಲ್ಲಿ ಗುಂಪುಗೂಡಿವೆ ಎಂದು ಅವರು ತೋರಿಸಿದರು. ರಾಮನ್ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿ ಮದನ್ ರಾವ್ ಜೊತೆಗೂಡಿದ ಮೇಲೆ, 2004ರ ಹೊತ್ತಿಗೆ, ಚಿತ್ರ ಇನ್ನೂ ತಿಳಿಯಾಯಿತು: ಒಂದೊಂದು ಗುಂಪಿನಲ್ಲಿರುವುದು ಹೆಚ್ಚೆಂದರೆ ನಾಲ್ಕು ಅಣು. ಪೊರೆಯ ಕೆಳಗಿನ ಆಕ್ಟಿನ್ ಎಳೆಗಳು ಶಕ್ತಿ ಖರ್ಚು ಮಾಡಿ ಈ ಗುಂಪುಗಳನ್ನು ಕಟ್ಟುತ್ತವೆ, ಕೆಡವುತ್ತವೆ ಎಂಬುದು ಮುಂದಿನ ವರ್ಷಗಳಲ್ಲಿ ಗೊತ್ತಾಯಿತು. ಅವರು ನೋಡಿದ್ದು ಸ್ನಾಯುಕೋಶಗಳನ್ನಲ್ಲ. ಆದರೂ ಪೊರೆಯ ಜೋಡಣೆ ಎಂಬುದು ಮಾರ್ಜಕದ ಭ್ರಮೆಯಲ್ಲ, ಕೋಶ ತಾನೇ ದುಡಿದು ನಡೆಸುವ ವ್ಯವಹಾರ ಎಂಬ ವಿಶ್ವಾಸ ಇಂಥ ಕೆಲಸಗಳಿಂದ ಬಂತು.

ಈಗ ಸಡಿಲಿಸುವ ಹಾದಿಗೆ ಮರಳೋಣ. ಸೈಕ್ಲಿಕ್ ಎಎಂಪಿ ತಯಾರಿಸುವ ಅಡೆನೈಲಿಲ್ ಸೈಕ್ಲೇಸ್ ಒಂದೇ ಕಿಣ್ವವಲ್ಲ. ಪೊರೆಯಲ್ಲಿ ಕೂರುವ ಒಂಬತ್ತು ಬಗೆಗಳು ನಮ್ಮ ದೇಹದಲ್ಲಿವೆ. ಶ್ವಾಸನಾಳದ ಸ್ನಾಯುಕೋಶದಲ್ಲಿ ಅವುಗಳಲ್ಲಿ ಹಲವು ಒಟ್ಟಿಗೆ ಇವೆ. ಒಂದೇ ಉತ್ಪನ್ನಕ್ಕೆ ಇಷ್ಟೊಂದು ಕಿಣ್ವ ಏಕೆ? ಅಮೆರಿಕದ ಔಷಧವಿಜ್ಞಾನಿ ರೆನೊಲ್ಡ್ಸ್ ಆಸ್ಟ್ರಮ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಅವರ ತಂಡ ಪೊರೆಯ ತುಣುಕುಗಳನ್ನು ಬೇರ್ಪಡಿಸಿ ನೋಡಿದಾಗ 6ನೇ ಬಗೆಯ ಸೈಕ್ಲೇಸ್ ಕೇವಿಯೋಲಿನ್ ಇರುವ ತೆಪ್ಪದ ಭಾಗದಲ್ಲಿ ಸಿಕ್ಕಿತು, ಬೀಟಾ-2 ಗ್ರಾಹಕದ ಜೊತೆಗೇ. 2ನೇ ಬಗೆ ತೆಪ್ಪದ ಹೊರಗಿತ್ತು. ಅದರ ಜೊತೆಗಾರ ಬೇರೆ: ಪ್ರೋಸ್ಟಗ್ಲಾಂಡಿನ್ ಇ-2 ಅನ್ನು ಹಿಡಿಯುವ ಇಪಿ-2 ಗ್ರಾಹಕ. ಕೋಶದಲ್ಲಿ 6ನೇ ಬಗೆಯನ್ನು ಕೃತಕವಾಗಿ ಹೆಚ್ಚಿಸಿದರೆ ಬೀಟಾ-2 ಗ್ರಾಹಕದ ದನಿ ಏರುತ್ತದೆ. 2ನೇ ಬಗೆಯನ್ನು ಹೆಚ್ಚಿಸಿದರೆ ಇಪಿ-2ರ ದನಿ ಏರುತ್ತದೆ. ಒಂದೇ ಕೋಶದ ಒಂದೇ ಪೊರೆಯಲ್ಲಿ ಎರಡು ಜೋಡಿ, ಒಬ್ಬರ ಸಂಸಾರಕ್ಕೆ ಇನ್ನೊಬ್ಬರು ಕೈಹಾಕುವುದಿಲ್ಲ.

ಎರಡೂ ಜೋಡಿಗಳು ಹುಟ್ಟಿಸುವುದು ಅದೇ ಸೈಕ್ಲಿಕ್ ಎಎಂಪಿಯನ್ನು. ಫಲ ಒಂದೇ ಅಲ್ಲ. 2014ರಲ್ಲಿ ಇದೇ ತಂಡ ತೋರಿಸಿದಂತೆ 2ನೇ ಬಗೆಯ ಸೈಕ್ಲೇಸ್ ಹೆಚ್ಚಿದ್ದ ಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಏರಿಸಿದಾಗ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶ ಪ್ರೋಟೀನಿನ ತಯಾರಿಕೆ ಹೆಚ್ಚಿತು. 6ನೇ ಬಗೆ ಹೆಚ್ಚಿದ್ದ ಕೋಶಗಳಲ್ಲಿ ಹಾಗಾಗಲಿಲ್ಲ. ಮೊಲದ ಹೃದಯದಲ್ಲಿ ಕಂಡ ಒಗಟಿನ ಉತ್ತರ ಶ್ವಾಸನಾಳದ ಸ್ನಾಯುವಿನಲ್ಲಿ ಇಷ್ಟು ಸ್ಪಷ್ಟವಾಗಿ ಕೂತಿತ್ತು.

ಆದರೂ ಒಂದು ಸಂಶಯ ಉಳಿಯುತ್ತದೆ. ಕಿಣ್ವಗಳು ಬೇರೆ ಬೇರೆ ಜಾಗದಲ್ಲಿರಲಿ, ಹುಟ್ಟಿದ ಅಣು ಹರಡಿ ಬೆರೆಯಲೇಬೇಕಲ್ಲ? ಇದಕ್ಕೆ ಹೊಳೆಯುವ ಸಂವೇದಕಗಳು ಬೇಕಾದವು. ಸೈಕ್ಲಿಕ್ ಎಎಂಪಿ ಅಂಟಿದೊಡನೆ ಬಣ್ಣ ಬದಲಿಸುವ ಪ್ರೋಟೀನನ್ನು ಕೋಶವೇ ತಯಾರಿಸಿಕೊಳ್ಳುವಂತೆ ಮಾಡುವ ವಿದ್ಯೆ ಆ ಹೊತ್ತಿಗೆ ಬೆಳೆದಿತ್ತು. 2002ರಲ್ಲೇ ಇಟಲಿಯ ಮ್ಯಾನುಯೆಲಾ ಜಾಕೊಲೊ ಮತ್ತು ಟುಲಿಯೊ ಪೊಜ್ಜಾನ್ ಹೃದಯಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ತುಣುಕುತುಣುಕಾಗಿ ಏರುವುದನ್ನು ನೋಡಿದ್ದರು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಸ್ಟ್ರಮ್ ಮತ್ತು ಸಂಗಡಿಗರು ಮನುಷ್ಯರ ಶ್ವಾಸನಾಳದ ಸ್ನಾಯುಕೋಶಗಳಲ್ಲಿ ಇಂಥ ಸಂವೇದಕಗಳನ್ನು ನಾಲ್ಕು ಕಡೆ ನಿಲ್ಲಿಸಿದರು: ತೆಪ್ಪದ ಒಳಗೆ, ತೆಪ್ಪದ ಹೊರಗಿನ ಪೊರೆಯಲ್ಲಿ, ಕೋಶರಸದಲ್ಲಿ, ಕೋಶಕೇಂದ್ರದಲ್ಲಿ. ಬೀಟಾ-2 ಗ್ರಾಹಕವನ್ನು ಕೆರಳಿಸಿದಾಗ ನಾಲ್ಕೂ ಕಡೆ ಏರಿಕೆ ಕಂಡಿತು. ಇಪಿ-2 ಅನ್ನು ಕೆರಳಿಸಿದಾಗ ತೆಪ್ಪದ ಹೊರಗೆ ಮತ್ತು ಕೋಶಕೇಂದ್ರದಲ್ಲಿ ಚೆನ್ನಾಗಿ ಕಂಡಿತು, ಕೋಶರಸದಲ್ಲಿ ಅಷ್ಟಕ್ಕಷ್ಟೆ. ತೆಪ್ಪದ ಒಳಗೆ ಏನೂ ಕಾಣಲಿಲ್ಲ.

ತೆಪ್ಪದ ಬಾಗಿಲಲ್ಲಿ ಅದನ್ನು ತಡೆದವರು ಯಾರು? ಸೈಕ್ಲಿಕ್ ಎಎಂಪಿಯನ್ನು ಕತ್ತರಿಸಿ ಹಾಕುವ ಫಾಸ್ಫೊಡೈಎಸ್ಟರೇಸ್ ಎಂಬ ಕಿಣ್ವಗಳ ಕುಟುಂಬವೊಂದಿದೆ. ಶ್ವಾಸನಾಳದ ಸ್ನಾಯುವಿನಲ್ಲಿ ಅದರ ನಾಲ್ಕನೆಯ ಬಗೆಗೆ, ಪಿಡಿಇ-4ಕ್ಕೆ, ದೊಡ್ಡ ಪಾತ್ರ. ರೋಲಿಪ್ರಾಮ್ ಎಂಬ ವಸ್ತುವಿನಿಂದ ಪಿಡಿಇ-4ರ ಕೈ ಕಟ್ಟಿದೊಡನೆ, ಅದುವರೆಗೆ ಸುಮ್ಮನಿದ್ದ ತೆಪ್ಪದ ಸಂವೇದಕವೂ ಇಪಿ-2ರ ಕರೆಗೆ ಬಣ್ಣ ಬದಲಿಸಿತು. ಕೆರೆಯ ತೂಬು ಎತ್ತಿದಾಗ ಎಷ್ಟು ನೀರು ಹೊರಬಿತ್ತು ಎಂದು ಅಳೆದ ಮಾತ್ರಕ್ಕೆ ಯಾರ ಗದ್ದೆ ನೆನೆಯಿತು ಎಂದು ತಿಳಿಯುವುದಿಲ್ಲ. ತೂಬು ಯಾವ ಕಾಲುವೆಗೆ ತೆರೆದಿದೆ, ಬದು ಎಲ್ಲಿ ಕಟ್ಟಿದ್ದಾರೆ, ನಡುವೆ ಯಾರು ಎಷ್ಟು ಎಳೆದುಕೊಂಡರು ಎಂದು ಗೊತ್ತಿರುವ ನೀರುಗಂಟಿಯಷ್ಟೇ ಕೊನೆಯ ಮಡಿಯ ಗತಿ ಹೇಳಬಲ್ಲ. ಸೈಕ್ಲೇಸ್‌ಗಳು ತೂಬುಗಳಾದರೆ ಪಿಡಿಇ-4 ಬದುವಿನ ಕೆಲಸ ಮಾಡುತ್ತದೆ. ಇಡೀ ಕೋಶವನ್ನು ಅರೆದು ಒಟ್ಟು ಸೈಕ್ಲಿಕ್ ಎಎಂಪಿ ಅಳೆಯುತ್ತಿದ್ದ ದಶಕಗಳಲ್ಲಿ ವಿಜ್ಞಾನ ಹೊರಬಿದ್ದ ನೀರನ್ನಷ್ಟೇ ಲೆಕ್ಕ ಹಾಕುತ್ತಿತ್ತು.

ರೋಗ ಈ ಜೋಡಣೆಯನ್ನು ಹಾಗೇ ಬಿಡುವುದಿಲ್ಲ. ಅಸ್ತಮಾ ಮೂಲತಃ ಉರಿಯೂತದ ಕಾಯಿಲೆ. ನಾಳದ ಗೋಡೆಯಲ್ಲಿ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-13 ಮುಂತಾದ ಸಂದೇಶ ಪ್ರೋಟೀನುಗಳು ಸದಾ ಸುಳಿದಾಡುತ್ತಿರುತ್ತವೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈ.ಎಸ್. ಪ್ರಕಾಶ್ ಮತ್ತು ಸಂಗಡಿಗರು ಮನುಷ್ಯರ ಸ್ನಾಯುಕೋಶಗಳನ್ನು ಇವೆರಡಕ್ಕೆ ಒಡ್ಡಿದಾಗ ಕೇವಿಯೋಲಿನ್-1 ಹೆಚ್ಚಿತು, ಕ್ಯಾಲ್ಸಿಯಂ ಪ್ರತಿಕ್ರಿಯೆಯೂ ಹೆಚ್ಚಿತು. ಕೇವಿಯೋಲಿನ್-1 ತಗ್ಗಿಸಿದರೆ ಆ ಹೆಚ್ಚಳ ಕುಂದಿತು. ಹಾಗಾದರೆ ಕೇವಿಯೋಲಿನ್‌ಗೇ ಗುರಿಯಿಟ್ಟು ಔಷಧ ಮಾಡಬಹುದಲ್ಲ ಎಂಬ ಆಸೆ ಸಹಜ. ಅಷ್ಟು ಸುಲಭವಲ್ಲ. ಹಲಾಯ್ಕೊ ಅವರ ತಂಡವೇ ಅದಕ್ಕೂ ಮೊದಲು ಕಂಡಂತೆ ಕೇವಿಯೋಲಿನ್-1 ತೆಗೆದುಹಾಕಿದ ಸ್ನಾಯುಕೋಶಗಳಲ್ಲಿ ಬೆಳವಣಿಗೆಯ ಸಂಕೇತ ಜೋರಾಗಿ, ವಿಭಜನೆ ಹೆಚ್ಚುತ್ತದೆ. ಹಳೆಯ ಅಸ್ತಮಾದಲ್ಲಿ ನಾಳದ ಸ್ನಾಯು ದಪ್ಪವಾಗುವುದೇ ಒಂದು ದೊಡ್ಡ ಸಂಕಟ. 2001ರಲ್ಲಿ ಕೇವಿಯೋಲಿನ್-1 ಜೀನ್ ಇಲ್ಲದ ಇಲಿಗಳನ್ನು ಹುಟ್ಟಿಸಿದಾಗ ಅವು ಬದುಕಿದವು, ಆದರೆ ಶ್ವಾಸಕೋಶದ ಗಾಳಿಗೂಡುಗಳ ನಡುವಿನ ಗೋಡೆಗಳು ದಪ್ಪಗಾಗಿದ್ದವು. ಬಿಗಿತಕ್ಕೆ ನೆರವಾಗುವ ಪ್ರೋಟೀನೇ ಬೆಳವಣಿಗೆಗೆ ಕಡಿವಾಣವೂ ಆಗಿದೆ.

ಪೊರೆಯ ಗುಣವನ್ನು ಔಷಧ ಬಳಸಿಕೊಂಡ ಉದಾಹರಣೆ ಇಲ್ಲದಿಲ್ಲ. ಸಾಲ್ಬುಟಮಾಲಿನ ಪರಿಣಾಮ ನಾಲ್ಕಾರು ಗಂಟೆ. ಅದನ್ನು ಕಂಡುಹಿಡಿದ ಡೇವಿಡ್ ಜ್ಯಾಕ್ ತಂಡದಿಂದಲೇ ಆಮೇಲೆ ಬಂದ ಸಾಲ್ಮೆಟೆರಾಲಿಗೆ ಕೊಬ್ಬಿನಲ್ಲಿ ಕರಗುವ ಉದ್ದನೆಯ ಬಾಲವಿದೆ. ಅದು ಪೊರೆಯೊಳಗೆ ಸೇರಿ, ಗ್ರಾಹಕದ ಬಳಿಯೇ ತಂಗಿ, 12 ಗಂಟೆ ಕೆಲಸ ಮಾಡುತ್ತದೆ. ರಾತ್ರಿ ಎದ್ದು ಕೂರುತ್ತಿದ್ದವರಿಗೆ ಬೆಳಗಿನವರೆಗೆ ನಿದ್ದೆ ಸಿಕ್ಕಿತು. ಸ್ನಾಯುವನ್ನು ಸಡಿಲಿಸುವುದೇ ಎಲ್ಲವೂ ಅಲ್ಲ ಎಂಬುದೂ ಇದೇ ಔಷಧದಿಂದ ಮನವರಿಕೆಯಾಯಿತು. 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಸಾಲ್ಮೆಟೆರಾಲ್ ಪಡೆದ ಸುಮಾರು 13,000 ಜನರಲ್ಲಿ 13 ಮಂದಿ ಅಸ್ತಮಾದಿಂದ ಸತ್ತರು. ಔಷಧವಿಲ್ಲದ ಹುಸಿ ಪಂಪು ಪಡೆದ ಅಷ್ಟೇ ಜನರಲ್ಲಿ ಸತ್ತವರು 3. ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಪಂಪಿನ ಜೊತೆಗೂಡಿಸಿ ಕೊಟ್ಟಾಗ ಈ ಅಪಾಯ ಕಾಣಲಿಲ್ಲ ಎಂದು ಮುಂದಿನ ಪರೀಕ್ಷೆಗಳು ತೋರಿಸಿದವು. 2019ರಿಂದ ಜಾಗತಿಕ ಅಸ್ತಮಾ ಮಾರ್ಗಸೂಚಿ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ ಎನ್ನುತ್ತಿದೆ. ಸಾಲ್ಬುಟಮಾಲಿನ ನೀಲಿ ಪಂಪಿನಿಂದ ಉಸಿರು ಸರಾಗವಾದೊಡನೆ ಸ್ಟೆರಾಯ್ಡ್ ಪಂಪನ್ನು ಕಪಾಟಿಗೆ ಸೇರಿಸುವ ರೂಢಿ ನಮ್ಮ ಮನೆಗಳಲ್ಲಿ ವ್ಯಾಪಕವಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪಿಡಿಇ-4ರ ಮೇಲೆ ಕೆಲಸ ಮಾಡುವ ಔಷಧಗಳೂ ಬಂದಿವೆ. ಇದರ ಹಿಂದೆ ಹಳೆಯ ಅನುಭವವಿದೆ: 1860ರಲ್ಲೇ ಲಂಡನ್ನಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್, ತಾನೂ ಅಸ್ತಮಾ ರೋಗಿ, ಖಾಲಿ ಹೊಟ್ಟೆಯಲ್ಲಿ ಗಟ್ಟಿ ಕಾಫಿ ಕುಡಿಯಿರಿ ಎಂದು ಬರೆದಿದ್ದರು. ಕಾಫಿಯ ಕೆಫೀನ್, ಅದರ ನಂಟ ಥಿಯೋಫಿಲಿನ್, ಎರಡೂ ಫಾಸ್ಫೊಡೈಎಸ್ಟರೇಸ್ ಕುಟುಂಬವನ್ನು ಎಲ್ಲೆಂದರಲ್ಲಿ ತಡೆಯುತ್ತವೆ. ಪಿಡಿಇ-4 ಒಂದನ್ನೇ ತಡೆಯುವ ರೋಫ್ಲುಮಿಲಾಸ್ಟ್ ಮಾತ್ರೆ 2010ರಲ್ಲಿ ಯುರೋಪಿನಲ್ಲಿ ಬಂತು. ಅದು ಧೂಮಪಾನ ಮತ್ತು ಹೊಗೆಯಿಂದ ಬರುವ ಸಿಒಪಿಡಿ ಕಾಯಿಲೆಗೆ. ಮಾತ್ರೆಯಾದ್ದರಿಂದ ಹೊಟ್ಟೆ ತೊಳಸುವಿಕೆ, ಭೇದಿ ಜೊತೆಗೇ ಬಂದವು. 2024ರ ಜೂನ್ ತಿಂಗಳಲ್ಲಿ ಅಮೆರಿಕ ಎನ್ಸಿಫೆಂಟ್ರಿನ್ ಎಂಬ ಔಷಧಕ್ಕೆ, ಮತ್ತೆ ಸಿಒಪಿಡಿಗೆ, ಅನುಮತಿ ಕೊಟ್ಟಿತು. ಇದನ್ನು ನೆಬ್ಯುಲೈಸರಿನಿಂದ ನೇರ ಶ್ವಾಸನಾಳಕ್ಕೆ ಕೊಡುತ್ತಾರೆ. ಮೂರನೆಯ ಮತ್ತು ನಾಲ್ಕನೆಯ ಬಗೆಯ ಫಾಸ್ಫೊಡೈಎಸ್ಟರೇಸ್‌ಗಳೆರಡನ್ನೂ ಇದು ತಡೆಯುತ್ತದೆ.

2017ರ ಆ ಪ್ರಯೋಗವನ್ನು ಇಂಥ ಔಷಧಗಳ ಪಕ್ಕದಲ್ಲಿಟ್ಟು ನೋಡಿದರೆ ಮುಂದಿನ ಕೆಲಸದ ದಿಕ್ಕು ತಿಳಿಯುತ್ತದೆ. ಪಿಡಿಇ-4 ಅನ್ನು ತಡೆದರೆ ಸೈಕ್ಲಿಕ್ ಎಎಂಪಿ ಹೆಚ್ಚುತ್ತದೆ ಎಂಬುದಷ್ಟೇ ಅಲ್ಲ, ತೆಪ್ಪದ ಒಳಗು ಹೊರಗುಗಳ ನಡುವಿನ ಗಡಿಯೂ ಅಳಿಸುತ್ತದೆ. ಉರಿಯೂತವಿರುವ ನಾಳದಲ್ಲಿ ಪ್ರೋಸ್ಟಗ್ಲಾಂಡಿನ್ ಇ-2 ಹೇಗೂ ತಯಾರಾಗುತ್ತಿರುತ್ತದೆ. ಗಡಿ ಅಳಿಸಿದ ಮೇಲೆ ಅದರ ಸಂದೇಶ ಬೀಟಾ-2ರ ಹಳೆಯ ತಾಣಕ್ಕೆ ನುಗ್ಗಿ ಸಡಿಲಿಕೆಗೆ ಕೈಜೋಡಿಸಬಹುದು. ಅದೇ ಹೊತ್ತಿಗೆ ತೆಪ್ಪದ ಹೊರಗೆ 2ನೇ ಸೈಕ್ಲೇಸ್‌ನ ದನಿ ಏರಿ ಇಂಟರ್‌ಲ್ಯೂಕಿನ್-6 ಹೆಚ್ಚಲೂಬಹುದು. ಇವೆರಡರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂದು ಒಟ್ಟು ಸೈಕ್ಲಿಕ್ ಎಎಂಪಿ ಅಳೆದು ಹೇಳಲಾಗದು. ಅಸ್ತಮಾ ಇರುವವರಿಂದ ಪಡೆದ ಸ್ನಾಯುಕೋಶಗಳಲ್ಲಿ ನಾಲ್ಕೂ ಕಡೆ ಸಂವೇದಕ ನಿಲ್ಲಿಸಿ, ಉರಿಯೂತದ ಪ್ರೋಟೀನುಗಳ ನಡುವೆಯೇ ಅಳೆಯಬೇಕು.